ಮೂರು ಸಾಲಿನ ದನಿ

“ನನ್ನ ಕನ್ನಡಕ ಎಲ್ಲಿಟ್ಟೆ?” ಎಂದು ರಾಚಪ್ಪನವರು ತಮ್ಮ ಮಾಳಿಗೆಯ ಮೇಲೆ ಒಬ್ಬರೇ ನಿಂತು, ಯಾರನ್ನೂ ಕುರಿತಲ್ಲದೆ ಕೇಳಿಕೊಂಡದ್ದು ಹನ್ನೆರಡು ಬೀದಿಗೆ ಕೇಳಿಸಿತು. ಬೆಳಗಿನ ಹೊತ್ತು. ನಾನು ಜಗಲಿಯ ಮೇಲೆ ಕೂತು ಮುತ್ತುಗದ ಊಟದೆಲೆ ಹಚ್ಚುತ್ತಿದ್ದೆ. ಕೇಳಿದ ಕೂಡಲೇ ನನ್ನ ಕೈ ತಾನಾಗಿ ಮಡಿಲು ತಡವಿತು. ಎದುರುಮನೆಯ ಬಳೆ ಮಾರುವ ಖಾತೂನ್‌ಬಿ ಎದ್ದು ಕಿಟಕಿಯ ಹಲಗೆ ನೋಡಿದಳು. ಆಚೆ ಮನೆಯ ಕಮ್ಮಾರ ತಿದಿ ಬಿಟ್ಟು ಎದ್ದು, ಇದ್ದಿಲ ಚೀಲದಲ್ಲೂ ಒಮ್ಮೆ ಕೈಯಾಡಿಸಿದ. ರಾಚಪ್ಪನವರ ಕನ್ನಡಕ ನಮ್ಮ ಯಾರ ಮನೆಯಲ್ಲೂ ಇರುವುದಕ್ಕೆ ಸಾಧ್ಯವಿಲ್ಲ. ಆದರೂ ಅಷ್ಟು ಹತ್ತಿರದಿಂದ ಕೇಳಿದಂತೆ ಯಾರಾದರೂ ಕೇಳಿದರೆ ಹುಡುಕದೆ ಇರಲು ಮನುಷ್ಯರ ಕೈಲಾಗುವುದಿಲ್ಲ. “ಹಣೆ ಮೇಲೆ ನೋಡ್ಕೊಳ್ರಿ ಯಜಮಾನ್ರೆ,” ಎಂದಳು ಖಾತೂನ್‌ಬಿ. ಅವಳ ತುಟಿ ಅಲ್ಲಾಡಿದ್ದನ್ನು ಕಂಡು ನಾನು ಹಾಗೆಂದು ಓದಿಕೊಂಡೆ ಅಷ್ಟೆ. ಅವಳ ಮಾತು ಬೀದಿಯ ನಡುವಿನ ಚರಂಡಿ ದಾಟುವುದಿಲ್ಲ.

ನಮ್ಮೂರಲ್ಲಿ ಹಾಗೆ. ಯಾರಿಗೆ ಎಷ್ಟು ಆದಾಯ ಬರುತ್ತದೋ ಅವರ ದನಿ ಅಷ್ಟು ದೂರ ಹೋಗುತ್ತದೆ. ಕೂಗಿದರೆ ಒಂದು ಗೇಣೂ ಹೆಚ್ಚುವುದಿಲ್ಲ, ಗಂಟಲು ಕೆರೆಯುತ್ತದೆ ಅಷ್ಟೆ. ಪಿಸುಗುಟ್ಟಿದರೆ ಒಂದು ಗೇಣೂ ತಗ್ಗುವುದಿಲ್ಲ. ಸೊಪ್ಪಿನವಳು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಬರುತ್ತಾಳೆ, ಮಜ್ಜಿಗೆಯವನು ಚೆಂಬಿನ ಮೇಲೆ ಉಂಗುರದಿಂದ ಬಡಿಯುತ್ತಾನೆ. ಆಟಕ್ಕೆ ಹೋದ ಮಕ್ಕಳನ್ನು ತಾಯಂದಿರು ಚಪ್ಪಾಳೆ ತಟ್ಟಿ ಕರೆಯುತ್ತಾರೆ. ಯಾವ ಚಪ್ಪಾಳೆ ಯಾರ ತಾಯಿಯದು ಎಂದು ಮಕ್ಕಳಿಗೆ ತಪ್ಪದೆ ಗೊತ್ತಾಗುತ್ತದೆ. ಸಂತೆಯ ಮರುದಿನ ಮಾತ್ರ ನಮ್ಮ ಕಡೆಯ ಬೀದಿಗಳಲ್ಲಿ ಒಂದಿಷ್ಟು ಗದ್ದಲ. ಈರುಳ್ಳಿ ಮಾರಿ ಬಂದವರ ದನಿ ಒಂದು ದಿನದ ಮಟ್ಟಿಗೆ ಬೀದಿಯ ತುದಿ ಮುಟ್ಟುತ್ತದೆ. ವಾರವೆಲ್ಲ ಕೂಡಿಟ್ಟ ಜಗಳಗಳನ್ನು ಅವತ್ತೇ ಆಡಿ ಮುಗಿಸಬೇಕು. “ಇರು, ಸಂತೆ ಆಗ್ಲಿ, ಆಮೇಲೆ ನಿಂಗೈತೆ,” ಎನ್ನುವುದು ನಮ್ಮಲ್ಲಿ ದೊಡ್ಡ ಬೆದರಿಕೆ.

ಇನ್ನು ರಾಚಪ್ಪನವರದು. ಐಸು ಫ್ಯಾಕ್ಟರಿ ಅವರದು, ಏಳು ಬಸ್ಸು ಅವರದು, ಪೇಟೆಯ ಒಂದು ಮಗ್ಗುಲಿನ ಅಂಗಡಿಗಳೆಲ್ಲ ಅವರವು. ಅವರು ಬೆಳಿಗ್ಗೆ ಬಾಯಿ ಮುಕ್ಕಳಿಸುವುದೇ ನಮಗೆ ಕೋಳಿ ಕೂಗಿದ ಹಾಗೆ. ಅವರಿಗೆ ಹೊಟ್ಟೆ ಉಬ್ಬರಿಸಿದರೆ ಹನ್ನೆರಡು ಬೀದಿಯೂ ಓಮಿನ ಕಾಳು ಹುಡುಕುತ್ತದೆ. ಅವರಿಗೆ ಗುಟ್ಟು ಎನ್ನುವುದೇ ಇಲ್ಲ, ಪಾಪ. ಹೆಂಡತಿ ಸುಗುಣಮ್ಮನವರಿಗೆ ಸ್ವಂತದ ಆದಾಯವಿಲ್ಲದ್ದರಿಂದ ಆಕೆಯ ಮಾತು ಅಂಗೈ ಬಟ್ಟಲಲ್ಲಿ ಹಿಡಿಯುವಷ್ಟು. ಹಾಗಾಗಿ ಗಂಡಹೆಂಡಿರ ಜಗಳದಲ್ಲಿ ನಮಗೆ ಕೇಳುವುದು ಒಂದೇ ಪಕ್ಕ. “ಅಲ್ಲ ಮಾರಾಯ್ತಿ. ಹಾಗಲ್ಲ. ನಾನೆಲ್ಲಿ ಹಾಗಂದೆ? ಆಯ್ತು, ಅಂದೆ.” ನಡುನಡುವೆ ಆಕೆ ಏನೆಂದಿರಬಹುದು ಎಂದು ನಾವೇ ತುಂಬಿಕೊಳ್ಳುತ್ತೇವೆ. ನಮ್ಮ ಬೀದಿಯ ಹೆಂಗಸರು ತುಂಬಿದಾಗಲೆಲ್ಲ ಸುಗುಣಮ್ಮನವರೇ ಗೆಲ್ಲುತ್ತಾರೆ.

ಎಲ್ಲ ಕಡೆಯೂ ಇಷ್ಟೇ ಅಂತರ ಇರುತ್ತದೆಂದಲ್ಲ. ನನ್ನ ತಂಗಿಯನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದೆ. ಅಲ್ಲಿಯ ದೊಡ್ಡ ಕುಳದ ದನಿ ಮೂರು ಬೀದಿ ಹೋದರೆ ಕೂಲಿಯವರದು ಒಂದು ಬೀದಿ ಹೋಗುತ್ತದಂತೆ. ಬಂದಾಗಲೆಲ್ಲ ಅವಳು ಕಿವಿಗೆ ಹತ್ತಿ ಇಟ್ಟುಕೊಂಡೇ ಇಳಿಯುತ್ತಾಳೆ. ಅಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ ಕಣಕ್ಕ, ಯಾರದು ಕೇಳುವುದು, ತಲೆ ಸಿಡಿಯುತ್ತೆ ಎಂದು ದೂರುತ್ತಾಳೆ. ದೂರುವಾಗ ಮುಖ ಮಾತ್ರ ತುಂಬಿಕೊಂಡಿರುತ್ತದೆ. ಅವಳ ಗಂಡ ಒಮ್ಮೆ ಬಂದರಿನ ಊರಿಗೆ ದುಡಿಯಲು ಹೋಗಿದ್ದ. ಅಲ್ಲಿ ಹಡಗಿನ ಧಣಿ ಕೆಮ್ಮಿದರೆ ನಡುಗಡಲಿನ ದೋಣಿಯವರು ಹಾಯಿ ಇಳಿಸುತ್ತಾರಂತೆ. ಮೂಟೆ ಹೊರುವವರು ಮಾತ್ರ ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಮಾತಾಡಬೇಕಂತೆ. ಮೂರು ತಿಂಗಳಿಗೆ ವಾಪಸು ಬಂದ. ಬೆನ್ನು ನೋವಿಗಲ್ಲ ಅತ್ತಿಗೆ, ಹಾಡು ಹೇಳಿಕೊಳ್ಳೋಕಾಗ್ತಿರಲಿಲ್ಲ ಎಂದ.

ನನಗೆ ಮೊದಲಿನಿಂದಲೂ ಆಡುವುದಕ್ಕಿಂತ ಕೇಳುವುದೇ ಸುಖ. ಎಲೆ ಹಚ್ಚುವವಳ ದನಿ ಹೋಗುವುದೇ ಒಂದು ಚಾಪೆಯಷ್ಟು ದೂರ, ಅದು ನನಗೆ ಸಾಕಾಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲೆಗೆ ಚುಚ್ಚುವ ಹಂಚಿಕಡ್ಡಿಯ ಕಟ್ಟು ಎತ್ತಿಟ್ಟು, ಮುಖ ತೊಳೆದು, ಒಂದು ಹಿಡಿ ಅಕ್ಕಿ ಸೆರಗಿಗೆ ಕಟ್ಟಿಕೊಂಡು ಕಥೆಚಾವಡಿಗೆ ಹೋಗುವುದು. ಅಲ್ಲಿ ತುಂಗಕ್ಕ ಏಳು ಅಕ್ಕತಂಗಿಯರು ಕಳೆದುಹೋದ ಹೊಳೆಯನ್ನು ಹುಡುಕಿ ಹೊರಟ ಕಾವ್ಯವನ್ನು ಹೇಳುತ್ತಿದ್ದಳು. ಅದಕ್ಕೆ ಪುಸ್ತಕವಿಲ್ಲ, ಓಲೆಯೂ ಇಲ್ಲ. ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಬಂದದ್ದು. ಈಗ ಇದ್ದದ್ದು ಎಪ್ಪತ್ತು ದಾಟಿದ ತುಂಗಕ್ಕನ ಬಾಯಲ್ಲಿ ಮಾತ್ರ. ದಿನಕ್ಕಿಷ್ಟು ಪದ್ಯದಂತೆ ಹೇಳಿದರೆ ವರ್ಷಕ್ಕೆ ಒಮ್ಮೆ ಮುಗಿಯುತ್ತದೆ, ಮತ್ತೆ ಮೊದಲಿಂದ ಶುರು. ಕೇಳಿದವರು ಹರಿವಾಣಕ್ಕೆ ಒಂದು ಹಿಡಿ ಅಕ್ಕಿ ಹಾಕುತ್ತಾರೆ. ಅವಳ ಆದಾಯವೆಂದರೆ ಅದೇ. ಆ ಅಕ್ಕಿಯಿಂದ ಅವಳ ದನಿ ಮೂರು ಸಾಲು ಮುಟ್ಟುತ್ತಿತ್ತು.

ಚಾವಡಿಯಲ್ಲಿ ಕೂರುವುದು ಹತ್ತು ಸಾಲು. ಅದಕ್ಕೆ ನಮ್ಮ ಹಿರಿಯರು ಒಂದು ಕ್ರಮ ಮಾಡಿಟ್ಟಿದ್ದಾರೆ. ಮೂರನೇ ಸಾಲಿನವರು ಪದ್ಯ ಕೇಳಿ, ಕೂತಲ್ಲೇ ಹಿಂದಕ್ಕೆ ತಿರುಗಿ ಅದನ್ನೇ ಹೇಳುವುದು. ಐದನೆಯವರು ಕೇಳಿ ಏಳಕ್ಕೆ, ಏಳರವರು ಕೇಳಿ ಒಂಬತ್ತಕ್ಕೆ, ಹಾಗೇ ಹೊಸ್ತಿಲವರೆಗೆ. ಕೇಳಿದ್ದು ಕೇಳಿದ ಹಾಗೆ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಅರ್ಥ ಆಮೇಲೆ, ಮೊದಲು ದಾಟಿಸು ಎಂದು ನಮ್ಮಪ್ಪ ಹೇಳಿಕೊಟ್ಟಿದ್ದ. ಹೊಸ್ತಿಲ ಬಳಿ ನಿಂತವರು ಕೈ ಎತ್ತುವ ತನಕ ತುಂಗಕ್ಕ ಮುಂದಿನ ಪದ್ಯಕ್ಕೆ ಹೋಗುವುದಿಲ್ಲ. ಅಲ್ಲಿ ಮುಟ್ಟದ ಪದ್ಯ ಹೇಳಿದ ಲೆಕ್ಕವೇ ಅಲ್ಲ. ಮೂರನೇ ಸಾಲಿನ ಎಡತುದಿ ಅಪ್ಪನ ಜಾಗ, ಆಮೇಲೆ ನನ್ನದು. ನಾನು ದಾಟಿಸಿದ ಪದ್ಯ ಸಾಲಿನಿಂದ ಸಾಲಿಗೆ ಗುಂಯ್ ಎನ್ನುತ್ತ ಹೋಗಿ ಬಾಗಿಲಲ್ಲಿ ಒಂದು ಕೈಯಾಗಿ ಮೇಲೇಳುವುದನ್ನು ನೋಡುತ್ತ ಕೂರುವಾಗ ನನಗೆ ದೇವರ ಮುಂದೆ ಬೇರೆ ಏನನ್ನೂ ಕೇಳಬೇಕೆನ್ನಿಸುತ್ತಿರಲಿಲ್ಲ.

ಹೀಗಿರುವಾಗ ಆ ಬೇಸಿಗೆಯಲ್ಲಿ ಕೂಗಳತೆ ಕಚೇರಿಯವರು ಬಂದರು. ಐದು ವರ್ಷಕ್ಕೊಮ್ಮೆ ಪ್ರಾಂತ್ಯದ ಊರೂರಿಗೂ ಬಂದು, ಯಾರ ದನಿ ಎಲ್ಲಿಯವರೆಗೆ ಹೋಗುತ್ತದೆ ಎಂದು ಸರಪಳಿ ಎಳೆದು ಅಳೆಯುವುದು ಅವರ ಕೆಲಸ. ಊರಿನ ಅತಿ ದೊಡ್ಡ ದನಿ ನಿಲ್ಲುವ ಕಡೆ ಕೆಂಪು ಬಾವುಟ ನೆಡುತ್ತಾರೆ. ಉಳಿದ ಎಲ್ಲರದನ್ನೂ ಅಳೆದು, ಕೂಡಿ, ಸಮನಾಗಿ ಭಾಗಿಸಿ ಅಲ್ಲೊಂದು ಬಿಳಿ ಬಾವುಟ. ಎರಡು ಬಾವುಟದ ನಡುವಿನ ದೂರವನ್ನು ಬರೆದುಕೊಂಡು ಹೋಗುತ್ತಾರೆ. ಅಧಿಕಾರಿ ಮುಕುಂದಯ್ಯನವರೆಂದು, ಮೆತ್ತನೆಯ ಮನುಷ್ಯ. ನನ್ನ ಜಗಲಿಗೂ ಬಂದು ಏನಾದರೂ ಹೇಳಿಯಮ್ಮ ಎಂದರು. ಏನು ಹೇಳಲಿ ಎಂದೆ. ಅಷ್ಟು ಸಾಕು ಎಂದು ಸರಪಳಿ ಮಡಚಿದರು. ರಾಚಪ್ಪನವರ ಕೆಂಪು ಬಾವುಟ ಊರಾಚೆಯ ಕೆರೆಯ ತೂಬಿನ ಹತ್ತಿರ ನಿಂತಿತು. ನಮ್ಮ ಬಿಳಿಯದನ್ನು ರಾಚಪ್ಪನವರ ಮನೆ ಮೆಟ್ಟಿಲಿಂದಲೇ ಅಳೆದು ನೆಡಬೇಕಿತ್ತು. ಅದು ಅವರ ಅಂಗಳವನ್ನೂ ದಾಟದೆ ತುಳಸಿಕಟ್ಟೆಯ ಪಕ್ಕ ನಿಂತಿತು.

ತಿಂಗಳೊಳಗೆ ಪಟ್ಟಿ ಬಂತು. ಏಳು ಸೀಮೆಯ ಊರುಗಳಲ್ಲಿ ಎರಡು ಬಾವುಟದ ದೂರದ ಲೆಕ್ಕಕ್ಕೆ ನಮ್ಮೂರೇ ಮೊದಲು. ಬಂದರಿನ ಊರು ಎರಡನೆಯದು. ನನ್ನ ತಂಗಿಯ ಊರು ಎಲ್ಲಕ್ಕಿಂತ ಕೆಳಗೆ ಎಲ್ಲೋ ಮೂಲೆಯಲ್ಲಿತ್ತು. ನಮ್ಮವರಿಗೆ ಆದ ಸಂಭ್ರಮ ಅಷ್ಟಿಷ್ಟಲ್ಲ. ಯಾವುದರಲ್ಲೂ ಮೊದಲಾಗದ ಊರು, ಬಂದರನ್ನೇ ಹಿಂದೆ ಹಾಕಿತಲ್ಲ ಎಂದು ಮಾವಿನ ತೋರಣ ಕಟ್ಟಿದರು, ಪೇಟೆಯಲ್ಲಿ ಬೆಲ್ಲದ ಪಾನಕ ಹಂಚಿದರು. ಎಲೆಗಳಿಗೆ ನನಗೂ ಒಳ್ಳೆಯ ಗಿರಾಕಿ. ನಾನು ತಂಗಿಗೆ, ನಿಮ್ಮೂರು ಕೊನೆಯದಂತೆ, ಬೇಜಾರು ಮಾಡಿಕೊಳ್ಳಬೇಡ ಎಂದು ಕಾಗದ ಬರೆಸಿದೆ. ರಾಚಪ್ಪನವರಿಗೆ ಶಾಲು ಹೊದಿಸಿ ಸನ್ಮಾನ. ಮುಕುಂದಯ್ಯನವರನ್ನೂ ಕರೆಸಿ ಕೂರಿಸಿದ್ದರು. ಅವರು ಎದ್ದು, ಇದು ಸನ್ಮಾನ ಮಾಡುವಂಥ ವಿಷಯವಲ್ಲ ಎಂದು ಆರಂಭಿಸುತ್ತಿದ್ದಂತೆಯೇ ಜನ ಎಂಥ ವಿನಯ ಎಂದು ಚಪ್ಪಾಳೆ ಹೊಡೆದರು. ಆಮೇಲೆ ರಾಚಪ್ಪನವರೇ ಅವರನ್ನು ಪಕ್ಕಕ್ಕೆ ಕರೆದು ಕಿವಿ ಬಗ್ಗಿಸಿ, ಹಾಗಾದರೆ ಇದು ಎಂಥದು ಸ್ವಾಮಿ ಎಂದು ಕೇಳಿದರು. ಅದು ನಮಗೂ ಕೇಳಿಸಿತು. ಮುಕುಂದಯ್ಯನವರ ಉತ್ತರ ಮುಂದಿನ ಸಾಲಿನಲ್ಲಿದ್ದವರಿಗೆ ಮಾತ್ರ. ನಾನು ಎಲೆ ಹಾಸುತ್ತ ಅಲ್ಲೇ ಇದ್ದೆ.

“ನಿಮ್ಮ ದನಿ ದೊಡ್ಡದಾಗಿದೆ ಅಂತ ತೋರಿಸೋ ಪಟ್ಟಿ ಅಲ್ಲ ಅದು. ಮಿಕ್ಕವರದು ಎಷ್ಟು ಸಣ್ಣದಾಗಿದೆ ಅಂತ,” ಎಂದರು ಅವರು.

ಆ ರಾತ್ರಿ ಊಟದ ಹೊತ್ತಿಗೆ ಹನ್ನೆರಡು ಬೀದಿಗೂ ರಾಚಪ್ಪನವರು ಅನ್ನ ಕಲಸುತ್ತ, “ಅದಕ್ಕೆ ನಾನೇನು ಮಾಡ್ಲಿ ಸುಗುಣ?” ಎಂದದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಸುಗುಣಮ್ಮ ಏನೋ ಹೇಳುತ್ತಿದ್ದರು. ಕಡೆಗೆ, “ಹೌದಲ್ವ,” ಎಂಬ ಒಂದು ಮಾತು. ನಮ್ಮ ಬೀದಿಯ ಹೆಂಗಸರು ಮೊದಲ ಬಾರಿಗೆ ನಡುವಿನದನ್ನು ತುಂಬಲಾಗದೆ ಸೋತರು.

ಮರುಸಂಜೆ ರಾಚಪ್ಪನವರು ಚಾವಡಿಗೆ ಬಂದರು. ಬರಿಗಾಲಲ್ಲಿ ಬಂದಿದ್ದರು. ಅವರು ಬಾಗಿಲಿಗೆ ಬರುವ ಮುಂಚೆಯೇ ಅವರ ಉಸಿರಾಟ ಒಳಗೆ ಬಂದಿತ್ತು. ತುಂಗಕ್ಕನ ಮುಂದೆ ಕೂತು, ತಾಯಿ ಬದುಕಿದ್ದಾಗ ಈ ಕಥೆಯನ್ನು ತೊಡೆಯ ಮೇಲೆ ಮಲಗಿ ಕೇಳಿದ್ದೆ, ಅರ್ಧಕ್ಕೇ ನಿದ್ದೆ ಬಂದು ಕೊನೆ ಏನೆಂದು ಇವತ್ತಿಗೂ ತಿಳಿಯದು ಎಂದು ಹೇಳಿಕೊಂಡರು. ಆಮೇಲೆ ಬಂದ ಕೆಲಸ ಹೇಳಿದರು.

“ತುಂಗಕ್ಕ, ನನ್ನ ದನಿ ಸುಮ್ನೆ ಬಿದ್ದಿದೆ. ದಿನಾ ಬಾಯಿ ಮುಕ್ಕಳಿಸೋದು, ಆಕಳಿಸೋದು, ಇಷ್ಟಕ್ಕೇ ಹನ್ನೆರಡು ಬೀದಿ. ನಿಮ್ಮ ಪದ್ಯನ ನಾನು ದಾಟಿಸ್ತೀನಿ. ಹಾಸಿಗೆ ಹಿಡಿದೋರು, ಪಾಳಿ ಕೆಲಸದೋರು, ಯಾರೂ ತಪ್ಪೋದಿಲ್ಲ.”

ತುಂಗಕ್ಕ ದೀಪದ ಬತ್ತಿ ಮೇಲಕ್ಕೆ ಸರಿಸಿದಳು. ಮುಟ್ಟುವುದಾದರೆ ಮುಟ್ಟಲಿ ಎಂದಳು. ನಾನು ನನ್ನ ಚಾಪೆ ಮಡಚಿ ನಾಲ್ಕನೇ ಸಾಲಿಗೆ ಹೋದೆ. ರಾಚಪ್ಪನವರು ಮೊದಲ ಸಾಲಿನಲ್ಲೇ ಕೂತರು, ಅವರ ಕಿವಿ ಮಂದ. ದೊಡ್ಡ ದನಿಯವರದೆಲ್ಲ ಹಾಗೇ, ದಿನವೆಲ್ಲ ತಮ್ಮ ಸದ್ದಿನ ಪಕ್ಕದಲ್ಲೇ ಇರುವವರಲ್ಲವೆ. ತುಂಗಕ್ಕ ಹೇಳಿದಳು: “ಹೊಳೆಯೆ ನೀನೆಲ್ಲಿರುವೆ ತಾಯೇ, ಮಳಲ ಕೇಳಿದಳೊಬ್ಬ ತಂಗಿಯು.” ರಾಚಪ್ಪನವರು ಮಂಡಿಯ ಮೇಲೆ ಕೈಯಿಟ್ಟು, ಬಾಗಿಲ ಕಡೆ ತಿರುಗಿ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿದರು. ಅದು ಮಾಡು ದಾಟಿ, ಮಾಳಿಗೆಗಳನ್ನು ದಾಟಿ, ಕೆರೆಯ ಏರಿಯವರೆಗೆ ಹೋಯಿತು. ಸುಳ್ಳೇಕೆ ಹೇಳಲಿ, ನನಗೆ ಮೈ ಜುಮ್ಮೆಂದಿತು. ಐದನೇ ಬೀದಿಯಲ್ಲಿ ಎಂಟು ವರ್ಷದಿಂದ ಹಾಸಿಗೆ ಹಿಡಿದಿದ್ದ ಬಡಗಿ ಸಿದ್ದಲಿಂಗಪ್ಪ ಅತ್ತನಂತೆ. ಐಸು ಫ್ಯಾಕ್ಟರಿಯವರು ಕೈ ಒರೆಸಿಕೊಂಡು ನಿಂತು ಕೇಳಿದರಂತೆ. ಖಾತೂನ್‌ಬಿ ಮರುದಿನ ನನ್ನ ಜಗಲಿಗೇ ಬಂದು, ನಿಮ್ಮ ಕಥೆಯ ತಂಗಿ ಹೊಳೇನ ಮರಳಲ್ಲಿ ಯಾಕೆ ಹುಡುಕ್ತಾಳೆ, ಸ್ವಲ್ಪ ಕೆಳಕ್ಕೆ ಅಗೆಯೋಕೇನು ಎಂದು ಕೇಳಿ ಹೋದಳು. ಊರೆಲ್ಲ ಅದೇ ಮಾತು.

ಹದಿನೈದು ದಿನದಲ್ಲಿ ಚಾವಡಿಯ ಸಾಲುಗಳು ತೆಳ್ಳಗಾದವು. ಯಾರನ್ನೂ ದೂರುವಂತಿಲ್ಲ. ಮನೆಯಲ್ಲೇ ಕಾಲು ಚಾಚಿಕೊಂಡು, ಹುರಿಗಡಲೆ ತಿನ್ನುತ್ತ, ಮಾಳಿಗೆಯ ಗಾಳಿಯಲ್ಲಿ ಅಷ್ಟು ಸ್ಪಷ್ಟವಾಗಿ ಕೇಳುವಾಗ ಚಾಪೆ ಹೊತ್ತು ಯಾರು ಬರುತ್ತಾರೆ. ಕೆಲವರು ಮೊದಮೊದಲು ಪಕ್ಕದವರ ಕೈಲಿ ಅಕ್ಕಿ ಕೊಟ್ಟು ಕಳಿಸಿದರು. ಆಮೇಲೆ ಆ ಪಕ್ಕದವರೂ ಮನೆಯಲ್ಲೇ ಉಳಿದರು. ಕೇಳಿ ಮುಗಿಯುವ ಹೊತ್ತಿಗೆ ಸೆಖೆಗೆ ಬಾಯಾರುತ್ತಿತ್ತಲ್ಲ, ರಾಚಪ್ಪನವರ ಐಸಿನ ಗಾಡಿಗಳು ಬೀದಿಬೀದಿಗೂ ಬಂದವು. ಅವರು ಅದನ್ನು ಯೋಚಿಸಿ ಮಾಡಿದ್ದಲ್ಲ, ಗಾಡಿಯವರೇ ಜನ ಇದ್ದಲ್ಲಿಗೆ ಹೋದರು. ತಿಂಗಳ ಕೊನೆಗೆ ಅವರ ದನಿ ತೂಬು ದಾಟಿ ಹದಿಮೂರನೇ ಬೀದಿಯಾದ ಕುಂಬಾರಗೇರಿಯನ್ನೂ ಮುಟ್ಟಿತು. ಅದೇ ತಿಂಗಳು ತುಂಗಕ್ಕನ ದನಿ ಮೂರು ಸಾಲಿನಿಂದ ಎರಡಾಗಿ, ಒಂದಾಗಿ, ಒಂದು ತೋಳಳತೆಗೆ ಬಂದು ನಿಂತಿತು.

ರಾಚಪ್ಪನವರಿಗೆ ಇದು ತಿಳಿಯದೆ ಇರಲಿಲ್ಲ. ತಿಂಗಳಿಗಿಷ್ಟು ಎಂದು ಕೊಡಲು ಹೋದರು. ತುಂಗಕ್ಕ ಮುಟ್ಟಲಿಲ್ಲ. ಕೇಳಿದ ಕೈಯಿಂದ ಬಂದ ಒಂದು ಹಿಡಿ, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲವೆಂದು ಅವಳು ತನಗೆ ಕಥೆ ಕೊಟ್ಟವರಿಗೆ ಮಾತು ಕೊಟ್ಟಿದ್ದಳು. ನಾನೂ ಒಂದು ದಿನ ಎರಡು ಹಿಡಿ ಹಾಕಲು ಹೋಗಿ ಕಣ್ಣಿನಲ್ಲೇ ಬೈಸಿಕೊಂಡೆ. ದನಿ ಇನ್ನೂ ಇಳಿದು, ಬಾಯಿಯ ಹತ್ತಿರ ಕಿವಿ ಹಿಡಿದರೆ ಮಾತ್ರ ಕೇಳುವಂತಾಯಿತು. ಮಂದ ಕಿವಿಯ ರಾಚಪ್ಪನವರಿಗೆ ಅದೂ ಕೇಳುತ್ತಿರಲಿಲ್ಲ. ನಮ್ಮೂರಲ್ಲಿ ದನಿ ಹೀಗೆ ಇಳಿಯುತ್ತ ಇಳಿಯುತ್ತ ತುಟಿಯನ್ನೂ ದಾಟದಂತಾದವರು ಮೂರ್ನಾಲ್ಕು ಮಂದಿ ಇದ್ದಾರೆ. ಒಮ್ಮೆ ಹಾಗಾದವರಿಗೆ ಮತ್ತೆ ಮಾತು ಬಂದದ್ದನ್ನು ನಾನಂತೂ ಕಂಡಿಲ್ಲ.

ಆಗ ರಾಚಪ್ಪನವರು ನನ್ನನ್ನು ಕರೆದರು. ನೀನು ತುಂಗಕ್ಕನ ಬಾಯಿಗೆ ಕಿವಿ ಇಟ್ಟು ಕೇಳು, ಕೇಳಿದ್ದನ್ನು ನನ್ನ ಕಿವಿಯಲ್ಲಿ ಹೇಳು, ನಾನು ಊರಿಗೆ ಹೇಳುತ್ತೇನೆ, ನಿನಗೆ ಸಂಬಳ ಎಂದರು. ಕೇಳುವುದಕ್ಕೆ ಸಂಬಳ ಕೊಡುವವರು ಲೋಕದಲ್ಲಿ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಒಪ್ಪಿಕೊಂಡೆ. ಕಥೆ ನಿಲ್ಲಬಾರದು ಎನ್ನುವುದು ಒಂದು ಕಾರಣ, ಅದು ನಿಜ. ಮಾಡಿಗೆ ಹೆಂಚು ಹಾಕಿಸಬೇಕಿತ್ತು, ಅದೂ ನಿಜ.

ಸಂಬಳ ಬಂದ ಮೇಲೆ ನನ್ನ ದನಿ ಮೂರು ಮನೆ ದಾಟಿತು. ಬೆಳಿಗ್ಗೆ ದೇವರ ಮುಂದೆ ನಿಂತು, ಮೊಣಕಾಲು ನೋವು ಕಡಿಮೆ ಮಾಡಪ್ಪ ಎಂದು ಬೇಡಿಕೊಂಡರೆ, ಮಧ್ಯಾಹ್ನದೊಳಗೆ ಮೂರು ಮನೆಯಿಂದ ಎಳ್ಳೆಣ್ಣೆ ಬಂತು. ನಾಚಿಕೆಯಾಗಿ ಅಂದಿನಿಂದ ಕಣ್ಣು ಮುಚ್ಚಿ ಸುಮ್ಮನೆ ನಿಲ್ಲುವುದು ಕಲಿತೆ. ಖಾತೂನ್‌ಬಿ ಮತ್ತು ನಾನು ಚರಂಡಿಯ ಎರಡು ಕಡೆ ನಿಂತು, ಅವಳ ತುಟಿ ನಾನು ಓದಿ, ನನ್ನ ಕೈ ಅವಳು ಓದಿ, ಇಪ್ಪತ್ತು ವರ್ಷ ಹರಟಿದವರು. ಈಗ ನನ್ನ ಮಾತು ಅವಳ ಅಡುಗೆಮನೆಯವರೆಗೂ ಹೋಗುತ್ತಿತ್ತು, ಅವಳದು ಮೊದಲಿದ್ದಲ್ಲೇ ಇತ್ತು. ನಾನು ಕೇಳಿದ್ದಕ್ಕೆ ಅವಳು ಹೂಂ, ಉಹೂಂ ಎಂದು ತಲೆ ಆಡಿಸುವಳು. ಒಂದು ದಿನ ಚರಂಡಿ ದಾಟಿ ಬಂದು, ನನ್ನ ಮಗ್ಗುಲಲ್ಲಿ ಕೂತು ಹೇಳಿದಳು.

“ನೀನು ಒಳ್ಳೆ ದನಿಯೋಳಾದೆ ಸಾವಂತ್ರಿ. ಮೊದ್ಲು ನಿನ್ನ ಹತ್ರ ಮಾತಾಡ್ತಿದ್ದೆ. ಈಗ ನಿನ್ನ ಮಾತು ಕೇಳ್ತೀನಿ.”

ಹೇಳಿ, ನಗುತ್ತಲೇ ಎದ್ದು ಹೋದಳು. ಅವಳು ಬಳೆ ತೊಡಿಸುವಾಗಲೂ ಹಾಗೇ, ನಗಿಸಿಕೊಂಡೇ ಕೈ ಹಿಂಡುತ್ತಾಳೆ.

ಆರು ವಾರ ಹೀಗೆ ನಡೆದು ಕೊನೆಯ ಸಂಧಿ ಒಂದು ಉಳಿಯಿತು. ಆರು ಜನ ಅಕ್ಕಂದಿರು ಒಬ್ಬೊಬ್ಬರಾಗಿ ಸೋತು ಮರಳಿದ್ದರು. ಕಿರಿಯವಳಿಗೆ ಹೊಳೆ ಸಿಕ್ಕಿತೋ ಇಲ್ಲವೋ ಎಂದು ಊರಿಗೆ ಊರೇ ಕಾಯುತ್ತಿತ್ತು. ಈ ಕಥೆಯನ್ನು ವರ್ಷಕ್ಕೊಮ್ಮೆ ಕೇಳಿದವರಿಗೆ ಕೊನೆ ಗೊತ್ತಿಲ್ಲವೆ ಎಂದು ಯಾರಾದರೂ ಕೇಳಬಹುದು. ಅದನ್ನು ಹೊರಗೆ ಆಡುವ ಪದ್ಧತಿಯಿಲ್ಲ. ಅಲ್ಲದೆ ಕೊನೆಯ ಸಂಧಿಯನ್ನು ತುಂಗಕ್ಕ ಪ್ರತಿ ವರ್ಷ ಒಂದು ಎಳೆ ಬೇರೆ ಮಾಡಿ ಹೇಳುತ್ತಾಳೆ. ಈ ವರ್ಷದ್ದು ಕೇಳಿದ ಮೇಲೇ ತಿಳಿಯುವುದು.

ಆ ದಿನ ಮಧ್ಯಾಹ್ನ ನಾನು ಅವಳ ಮನೆಗೆ ಹೋದೆ. ಒಲೆ ಉರಿದ ಗುರುತಿರಲಿಲ್ಲ. ಹರಿವಾಣವನ್ನು ಗೋಡೆಗೆ ಒರಗಿಸಿಟ್ಟಿದ್ದಳು. ಹಿಂದಿನ ದಿನ ಅದಕ್ಕೆ ಬಿದ್ದದ್ದು ಐದೇ ಹಿಡಿ. ಸಂಜೆಗೆ ದನಿ ಇರುತ್ತದೋ ಇಲ್ಲವೋ, ಈಗಲೇ ಕೇಳಿಕೋ ಎಂದು ಕೈಸನ್ನೆ ಮಾಡಿ, ನನ್ನ ಕಿವಿಗೆ ತುಟಿ ತಾಗಿಸಿ ಇಡೀ ಸಂಧಿಯನ್ನು ಹೇಳಿದಳು. ಅವಳ ಉಸಿರು ಎಷ್ಟು ಬಿಸಿ ಎಂಬುದು ಆಗ ತಿಳಿಯಿತು. ಕೇಳುತ್ತ ಕೇಳುತ್ತ ನನಗೆ ಕಣ್ಣು ತುಂಬಿತು, ಕಥೆಗಾಗಿಯೂ ತುಂಬಿತು, ಅವಳಿಗಾಗಿಯೂ ತುಂಬಿತು. ಇದು ಇವತ್ತು ರಾಚಪ್ಪನವರ ಬಾಯಿಂದ ಊರು ಕೇಳಿದರೆ ಹರಿವಾಣಕ್ಕೆ ಈ ದಿನವೂ ಐದು ಹಿಡಿಯೇ. ನಾಳೆ ಅದೂ ಇಲ್ಲ. ಮುಂದಿನ ವರ್ಷ ಮೊದಲ ಪದ್ಯ ಹೇಳಲು ಬಾಯಿ ಇರುತ್ತದೆ, ದನಿ ಇರುವುದಿಲ್ಲ. ಅದನ್ನು ನಾನು ಅವಳಿಗೆ ಹೇಳಿದೆ. ಅವಳು ನನ್ನ ಗಲ್ಲ ಹಿಡಿದು, ಮತ್ತೆ ಕಿವಿಗೆ ಬಂದಳು.

“ನನ್ನ ಸಾಲಿಂದ ದಾಟಿತು ಕಣವ್ವ. ಇನ್ನು ನಿನ್ನ ಸಾಲು. ಹೇಗೆ ದಾಟಿಸ್ತೀಯೋ ನೀನು ನೋಡು.”

ಸಂಜೆ ಚಾವಡಿಗೆ ಅವಳನ್ನು ಕೈ ಹಿಡಿದು ಕರೆದುಕೊಂಡು ಬಂದೆ. ಹತ್ತು ಸಾಲಿನ ಜಾಗದಲ್ಲಿ ಕೂತವರು ಐದು ಮಂದಿ. ಅದರಲ್ಲಿ ಒಬ್ಬರು ಸುಗುಣಮ್ಮ, ಹೊಸ್ತಿಲ ಬಳಿ ಕಂಬಕ್ಕೆ ಒರಗಿದ್ದರು. ಹೊರಗೆ ಮಾಳಿಗೆಗಳ ಮೇಲೆಲ್ಲ ಜನ ಹಾಸಿಗೆ ಹಾಸಿಕೊಂಡು ಕೂತದ್ದು ಬಾಗಿಲಿಂದಲೇ ಕಾಣುತ್ತಿತ್ತು. ಐಸಿನ ಗಾಡಿಯವರು ಗಂಟೆ ಸದ್ದಾಗದಂತೆ ಅದರ ನಾಲಿಗೆಗೆ ಬಟ್ಟೆ ಸುತ್ತಿದ್ದರು. ತುಂಗಕ್ಕ ದೀಪಕ್ಕೆ ಎಣ್ಣೆ ಹಾಕಿ ಪೀಠದ ಮೇಲೆ ಕೂತು ತುಟಿ ಅಲ್ಲಾಡಿಸಿದಳು. ನಾನು ಕಿವಿ ಹಿಡಿದೆ. ನಾಂದಿಯ ಪದ್ಯ, ಒಂದು ಎಳೆಯಷ್ಟು, ಇದೆಯೋ ಇಲ್ಲವೋ ಎಂಬಷ್ಟು. ಅದನ್ನು ರಾಚಪ್ಪನವರ ಕಿವಿಗೆ ಹೇಳಿದೆ. ಅವರು ಮಂಡಿಯ ಮೇಲೆ ಕೈಯಿಟ್ಟು ಬಾಗಿಲ ಕಡೆ ತಿರುಗಿ ಹೇಳಿದರು. ಹದಿಮೂರು ಬೀದಿಯೂ ಆಹಾ ಎಂದು ನೆಟ್ಟಗೆ ಕೂತಿರಬೇಕು, ಯಾರ ಆಹಾ ಕೂಡ ಇಲ್ಲಿಗೆ ಕೇಳುವಂಥದಲ್ಲ. ತುಂಗಕ್ಕ ಮತ್ತೆ ತುಟಿ ಅಲ್ಲಾಡಿಸಿದಳು. ಈ ಸಲ ಕಿವಿಗೆ ಉಸಿರು ಮಾತ್ರ ಬಂತು.

ನಾನು ಸುಮ್ಮನೆ ಕೂತದ್ದನ್ನು ಕಂಡು ರಾಚಪ್ಪನವರು ಗಾಬರಿಯಾದರು. ಕೊನೆಯ ಸಂಧಿ ಮಧ್ಯಾಹ್ನವೇ ನನ್ನ ಕಿವಿಗೆ ಬಿದ್ದಿದೆಯೆಂದು ಅವರಿಗೆ ಗೊತ್ತಿತ್ತು, ನಾನೇ ಹೇಳಿದ್ದೆ. ಅವರು ನನ್ನ ಕಡೆ ಬಗ್ಗಿದರು. ಕೆಟ್ಟ ಮನುಷ್ಯನಲ್ಲ. ಆ ಕಣ್ಣಲ್ಲಿ ತಾಯಿಯ ತೊಡೆಯ ಮೇಲೆ ನಿದ್ದೆ ಹೋದ ಹುಡುಗ ಹಾಗೇ ಇದ್ದ.

“ಹೇಳವ್ವ ಸಾವಂತ್ರಿ,” ಎಂದರು. “ಆ ಕಿರೀ ತಂಗಿಗೆ ಹೊಳೆ ಸಿಕ್ತೋ ಇಲ್ವೋ, ಅಷ್ಟು ಹೇಳಿಬಿಡು. ಊರೆಲ್ಲ ಕಾಯ್ತಾ ಕೂತಿದೆ. ನಾನೂ ಐವತ್ತು ವರ್ಷದಿಂದ ಕಾಯ್ತಿದೀನಿ.”

ಆ ಬೇಡಿಕೆ ಹದಿಮೂರು ಬೀದಿಗೂ ಹೋಯಿತು. ಊರಿನ ಅಷ್ಟೂ ಕಿವಿ ನನ್ನ ಬಾಯಿಯ ಮೇಲೆ ನೆಟ್ಟಂತೆ ಅನ್ನಿಸಿತು. ನಾನು ಹುಟ್ಟಿದಾಗಿನಿಂದ ಯಾರಿಗೂ ಇಲ್ಲವೆಂದವಳಲ್ಲ. ಕೇಳಿಸಿಕೊಳ್ಳುತ್ತಲೇ ಬಂದವರಿಗೆ ಇಲ್ಲವೆನ್ನುವ ಅಭ್ಯಾಸವಿರುವುದಿಲ್ಲ. ಮೂರನೇ ಸಾಲಿನ ಎಡತುದಿ ನೋಡಿದೆ. ಬರಿನೆಲದ ಮೇಲೆ ಧೂಳು ಕೂತಿತ್ತು. ರಾಚಪ್ಪನವರ ಕಿವಿಗೆ ಬಾಯಿ ತಂದೆ. ಅವರು ಕಣ್ಣು ಮುಚ್ಚಿಕೊಂಡು, ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ಸಿದ್ಧರಾದರು. ನಾನು ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಹೇಳಿದೆ. ಆರು ವಾರದ ರೂಢಿ ನೋಡಿ, ಅರ್ಥ ತಲೆಗೆ ಹೋಗುವ ಮೊದಲೇ ಅವರು ಬಾಗಿಲ ಕಡೆ ತಿರುಗಿ, ಕೇಳಿದ್ದು ಕೇಳಿದ ಹಾಗೆ, ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಡಿಮೆಯಿಲ್ಲದೆ, ಪದ್ಯ ಹೇಳುವ ರಾಗದಲ್ಲೇ ಹದಿಮೂರು ಬೀದಿಗೂ ದಾಟಿಸಿದರು.

“ಹೇಳೋದಿಲ್ಲ ಯಜಮಾನ್ರೆ. ಬೇಕಾದೋರು ಇಲ್ಲಿಗೆ ಬಂದು ಕೂತು ಕೇಳ್ಲಿ. ನಿಮ್ಮ ಬಾಯಿಗೆ ಇದನ್ನ ನಾನು ಕೊಡೋದಿಲ್ಲ.”